ಹಗ್ಗದ ಕೆಳಗೋ ಮೇಲೋ

ನಾನು ಗೋಲ್‌ಕೀಪರ್ ಆದದ್ದು ನನ್ನ ಉದ್ದ ಕೈಕಾಲುಗಳ ದೆಸೆಯಿಂದ. ಓಡಲು ಬರುತ್ತಿರಲಿಲ್ಲ, ಸುಮ್ಮನೆ ನಿಲ್ಲಲು ಬರುತ್ತಿತ್ತು. ಐವತ್ತರ ದಶಕದ ರೋಣದಲ್ಲಿ ಫುಟ್‌ಬಾಲ್ ಎಂದರೆ ಎರೆಮಣ್ಣಿನ ಬಯಲು, ಎರಡು ಕಂಬ, ಅವುಗಳ ನಡುವೆ ಬಿಗಿದ ಒಂದು ಹಗ್ಗ. ಬಲೆ ಇರಲಿಲ್ಲ. ಹಗಲೆಲ್ಲ ಅಡತಿ ಅಂಗಡಿಯಲ್ಲಿ ಹತ್ತಿ ತೂಗಿ ಬಂದವನಿಗೆ ಅಲ್ಲಿ ನಿಲ್ಲುವುದೇ ಸುಖ. ನನ್ನ ಪಾಲಿಗೆ ತಂಡವೆಂದರೆ ಬರೀ ಬೆನ್ನುಗಳು, ಖರೆ. ಆದರೂ ಊರಲ್ಲಿ ನಾಲ್ಕು ಜನ ನನ್ನನ್ನು ಮಾತಾಡಿಸುತ್ತಿದ್ದದ್ದು ಆ ತಂಡದಿಂದಲೇ. ಅದು ಕೈತಪ್ಪೀತೆಂಬ ಭಯ ಸದಾ ಇತ್ತು.

ನಮ್ಮ ಕಡೆ ಒಂದು ಪದ್ಧತಿಯಿತ್ತು. ಚೆಂಡು ಹಗ್ಗದ ಕೆಳಗೆ ಹೋಯಿತೋ ಮೇಲೆ ಹೋಯಿತೋ ಎಂದು ತಕರಾರು ಬಂದರೆ, ಸೀಟಿ ಊದುವ ಪಂಚರು ಕೀಪರನನ್ನೇ ಕೇಳಬೇಕು. ಅವನು ಹೇಳಿದ್ದೇ ಅಖೈರು. ಇಂಥ ಹೊತ್ತಲ್ಲಿ ‘ಮ್ಯಾಲೆ’ ಅನ್ನುವುದು ಕೀಪರನ ಕರ್ತವ್ಯವೆಂದೇ ನಮ್ಮವರು ತಿಳಿದಿದ್ದರು.

ನರಗುಂದದಲ್ಲಿ ಆಡಿದ ದಿನ ಆಟ ಸಮಸಮವಾಗಿತ್ತು. ಮುಗಿಯುವ ಹೊತ್ತಿಗೆ ಚೆಂಡು ನನ್ನ ಬೆರಳು ಸವರಿ ಹೋಯಿತು. ಹಗ್ಗ ಅಲುಗಾಡುತ್ತಿತ್ತು. ಪಂಚರು ಓಡಿ ಬಂದರು.

“ಏನಪಾ, ಕೆಳಗೋ ಮ್ಯಾಲೋ?”

“ಕೆಳಗ ಹೋತ್ರಿ.”

ಬಾಯಿಂದ ಬಂದೇಬಿಟ್ಟಿತು. ಕಂಡದ್ದನ್ನು ಹೇಳಿದ್ದೆ, ಅಷ್ಟೆ. ಸೋತೆವು. ವಾಪಸು ಬರುವಾಗ ಹತ್ತಿ ಲಾರಿಯಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ನಮ್ಮ ನಾಯಕನೊಬ್ಬನೇ ಬಾಯಿ ಬಿಟ್ಟ: “ನರಗುಂದದಾಗ ಹೆಣ್ಣ ನೋಡೀಯೇನಲೇ?”

ಎಲ್ಲರೂ ನಕ್ಕರು. ಮುಂದಿನ ವಾರ ಕಂಬಗಳ ನಡುವೆ ಬೇರೊಬ್ಬ ನಿಂತಿದ್ದ. ಅಂಗಡಿ ಮುಚ್ಚಿದ ಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಾನು ಹತ್ತಿ ಅಂಡಿಗೆಗಳ ಮೇಲೆ ಕುಳಿತಿರುತ್ತಿದ್ದೆ. ಬಯಲಿನ ಕೂಗು ಅಲ್ಲಿಗೂ ಕೇಳಿಸುತ್ತಿತ್ತು. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಸುಗ್ಗಿ ಮುಗಿದ ಮೇಲೆ ನಮ್ಮವರು ನರಗುಂದಕ್ಕೆ ಮತ್ತೆ ಆಟಕ್ಕೆ ಹೇಳಿ ಕಳಿಸಿದರು. ಅಲ್ಲಿಂದ ಬಂದ ಉತ್ತರವನ್ನು ನಾಯಕ ಅಂಗಡಿಗೇ ಬಂದು, ಮುಖ ಅತ್ತ ಮಾಡಿ ಹೇಳಿದ: “ಆ ಉದ್ದನ್ನ ಮನಶಾ ಗೋಲಿನ್ಯಾಗ ನಿಂತರ ಅಷ್ಟ ಬರ್ತಾರಂತ. ಬಾ.”

ಇಷ್ಟು ಸಾಕಾಯಿತು ನನಗೆ. ಅಭಿಮಾನ ಗಿಭಿಮಾನ ಎಲ್ಲ ಬದಿಗಿಟ್ಟು ಹೋದೆ. ಆಮೇಲೆ ವರ್ಷಗಟ್ಟಲೆ ಹೋದೆ. ಗಜೇಂದ್ರಗಡವಿರಲಿ, ಕೊಣ್ಣೂರಿರಲಿ, ಎದುರು ತಂಡದವರು ಬಂದು ಮೊದಲು ನನ್ನ ಕೈ ಕುಲುಕುತ್ತಿದ್ದರು. ಆಟ ಮುಗಿದ ಮೇಲೆ “ಬರ್ರಿ, ಚಾ ಕುಡಿಯೂಣು” ಎಂದು ಕರೆಯುತ್ತಿದ್ದವರೂ ಅವರೇ. ನಮ್ಮವರು ಲಾರಿ ಹತ್ತಿ ನನಗಾಗಿ ಕಾಯುತ್ತಿದ್ದರು. ಹೊರಡುವ ಹೊತ್ತಾದರೆ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಡ್ರೈವರನಿಗೆ ಹೇಳಿ ಹಾರ್ನ್ ಹೊಡೆಸುತ್ತಿದ್ದರು.