ಸೋಮವಾರದ ಕ್ಲಬ್ಬಿನ ಪಕ್ಕೀರಪ್ಪ

ಹಗರಿಬೊಮ್ಮನಹಳ್ಳಿಯ ಟೇಲರ್ ಪಕ್ಕೀರಪ್ಪ ಸೋಮವಾರ ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿ, ಕೊರಳಿಗೆ ಸೀಟಿ ನೇತುಹಾಕಿಕೊಂಡು ಮೈದಾನಕ್ಕೆ ಹೊರಟರೆ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತವರು ಮುಸಿಮುಸಿ ನಗುತ್ತಿದ್ದರು. ನಗಲಿ ಬಿಡಿ, ಆ ಫುಟ್‌ಬಾಲ್ ಕ್ಲಬ್ಬಿನ ಪಾಡು ನಗುವಂಥದ್ದೇ ಆಗಿತ್ತು.

ಮೊದಲು ಹಾಗಿರಲಿಲ್ಲ. ಡ್ರಿಲ್ ಮಾಸ್ತರ್ ಹಾಲೇಶಪ್ಪನವರು ಕ್ಲಬ್ ಕಟ್ಟಿದಾಗ ಅಭ್ಯಾಸಕ್ಕೆ ಸೋಮವಾರವನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ಎತ್ತಿಗೆ ಬಿಡುವೆಂದರೆ ಬೇಸಾಯದ ಹುಡುಗರಿಗೂ ಬಿಡುವು. ರೊಟ್ಟಿ ತಿಂದವರೇ ಬರಿಗಾಲಲ್ಲಿ ಓಡಿ ಬರುತ್ತಿದ್ದರು. ಮಾಸ್ತರು ಬೈದರೆ ತಲೆ ತಗ್ಗಿಸುತ್ತಿದ್ದರು. ಕೊಟ್ಟೂರಿನವರ ಜೊತೆ ವರ್ಷಕ್ಕೊಮ್ಮೆ ಆಡುವ ಪಂದ್ಯವನ್ನು ಗೆದ್ದೂ ಬರುತ್ತಿದ್ದರು. ಊರವರು ಅದನ್ನು ಸೋಮವಾರದ ಕ್ಲಬ್ಬು ಎಂದೇ ಕರೆದರು. ಆಮೇಲೆ ಟ್ರ್ಯಾಕ್ಟರುಗಳು ಬಂದವು. ಟ್ರ್ಯಾಕ್ಟರಿಗೆ ಯಾವ ವಾರ, ಯಾವ ಬಸವಣ್ಣ? ಹುಡುಗರಿಗೆ ಒಳ್ಳೆಯ ನೆಪ ಸಿಕ್ಕಿತು. ಕೆಲಸ ಇದ್ದವನೂ ತಪ್ಪಿಸಿದ, ಇಲ್ಲದವನೂ ತಪ್ಪಿಸಿದ.

ಬಂದವರ ಚಂದವನ್ನಾದರೂ ಏನೆಂದು ಹೇಳುವುದು. ಗೋಲ್‌ಕೀಪರ್ ಹುಲುಗಣ್ಣ ಕಂಬಕ್ಕೆ ಒರಗಿ ಗುಟ್ಕಾ ಜಗಿಯುತ್ತಿದ್ದ, ಚೆಂಡು ಒಳಗೆ ಹೋದ ಮೇಲೆ "ಬರ್ತೈತಿ ಅಂತ ಹೇಳಾಕ ಏನಾಗಿತ್ತು ನಿಮಗ?" ಎಂದು ಉಳಿದವರನ್ನೇ ದಬಾಯಿಸುತ್ತಿದ್ದ. ಟ್ರ್ಯಾಕ್ಟರ್ ಡ್ರೈವರ್ ಮಾರೇಶನ ಕಾಲಲ್ಲಿ ವಿದ್ಯೆ ಇತ್ತು, ತಲೆಯಲ್ಲಿ ಬರೀ ಧಿಮಾಕು. ಓಡೋ ಅಂದರೆ, ಚೆಂಡೇ ತನ್ನ ಹತ್ತಿರ ಬರಲಿ ಅನ್ನುವವನು. ಆದರೆ ಆಟ ಮುಗಿದ ಮೇಲೆ ಪಕ್ಕೀರಪ್ಪ ಕೊಡಿಸುವ ಮಂಡಕ್ಕಿ ಮಿರ್ಚಿಗೆ ಒಬ್ಬನೂ ತಪ್ಪುತ್ತಿರಲಿಲ್ಲ. ಮೈದಾನದ ಮುಖ ನೋಡದವರೂ ಅಲ್ಲಿ ಹಾಜರು. ತಿಂದು, ಬೆವರಿನ ಅಂಗಿಗಳನ್ನು ಅವನ ಅಂಗಡಿ ಬಾಗಿಲಿಗೆ ಎಸೆದು ಹೋಗುತ್ತಿದ್ದರು. ಅವನೇ ಒಗೆದು, ಹರಿದದ್ದನ್ನು ಅವನೇ ಹೊಲಿದು ಇಡುತ್ತಿದ್ದ.

ಬಿಟ್ಟು ಹೋಗಬಾರದಿತ್ತೇ ಅನ್ನಬಹುದು. ಅವನು ಸಿಕ್ಕಿಹಾಕಿಕೊಂಡಿದ್ದೇ ಅಲ್ಲಿ. ಹಾಲೇಶಪ್ಪ ಮಾಸ್ತರು ಹಾಸಿಗೆ ಹಿಡಿದಾಗ, ತಮ್ಮ ಕೈಕೆಳಗೇ ಆಡಿ ಬೆಳೆದ ಅವನ ಅಂಗೈಗೆ ವಿಭೂತಿ ಇಟ್ಟು, "ಹುಡುಗ್ರು ಕೆಟ್ಟು ಕುಂತಾರ ಪಕ್ಕೀರಪ್ಪ. ಇನ್ನೊಂದ್ಸಲ ಕೊಟ್ಟೂರಿನೋರ್ನ ಗೆಲ್ಲೋ ಹಂಗ ಮಾಡು. ಆಮ್ಯಾಲ ಬೇಕಾದ್ರ ಸೀಟಿ ಇಟ್ಟು ಹೋಗು" ಅಂದಿದ್ದರು. ಇವನು ವಿಭೂತಿಯನ್ನು ಹಣೆಗೆ ಹಚ್ಚಿಕೊಂಡು ಹೂಂ ಅಂದುಬಿಟ್ಟ. ಬೇರೆಯವನಾಗಿದ್ದರೆ ಮಾಸ್ತರನ್ನು ಮಣ್ಣು ಮಾಡಿ ಬಂದ ದಿನವೇ ಮರೆಯುತ್ತಿದ್ದ. ಪಕ್ಕೀರಪ್ಪನ ಜಾಯಮಾನ ಅದಲ್ಲ.

ಅಷ್ಟರಲ್ಲಿ ಹೆಂಡತಿ ತಿಪ್ಪೇರುದ್ರಮ್ಮನ ಅಣ್ಣನಿಗೆ ಕಣ್ಣು ಮಂಜಾಗಿ, ಹರಪನಹಳ್ಳಿಯ ತನ್ನ ಹೊಲಿಗೆ ಅಂಗಡಿಯನ್ನು ತಂಗಿಗೆ ಒಪ್ಪಿಸಿದ. ಆಕೆ ಮಗಳನ್ನು ಕರೆದುಕೊಂಡು ಹೊರಟಳು. ಈ ವರ್ಷ ಗೆದ್ದು ಹಿಂದೆಯೇ ಬರುತ್ತೇನೆ ಅಂದ ಗಂಡ ಆ ವರ್ಷವೂ ಹೋಗಲಿಲ್ಲ, ಮರುವರ್ಷವೂ ಹೋಗಲಿಲ್ಲ. ಫೋನಿನಲ್ಲಿ ಆಕೆ ಜಗಳ ತೆಗೆಯುವುದನ್ನೇ ಬಿಟ್ಟಳು. ಜಗಳಕ್ಕಿಂತ ಅದೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಕಡೆಗೊಂದು ದಿನ, "ಈ ಸಲ ಬರ್ಲಿಲ್ಲ ಅಂದ್ರ ಇನ್ನ ಬರಬ್ಯಾಡ್ರಿ. ಅಲ್ಲೇ ಇದ್ದುಬಿಡ್ರಿ, ನಿಮ್ಮ ಹುಡುಗ್ರ ಜೊತಿಗೆ" ಅಂದಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ.

ಅದು ಎರಡು ಸಾವಿರದ ಎರಡನೇ ಇಸವಿ. ಮಾರೇಶನ ಟ್ರ್ಯಾಕ್ಟರಿನಲ್ಲಿ ಎಲ್ಲರೂ ಕೊಟ್ಟೂರಿಗೆ ಹೋದರು. ಬೇವಿನ ಮರದಡಿ ಹುಡುಗರು ಬೂಟು ಕಟ್ಟಿಕೊಳ್ಳುತ್ತಿದ್ದಾಗ ಪಕ್ಕೀರಪ್ಪ, ಇಷ್ಟು ವರ್ಷ ಯಾರ ಮುಂದೆಯೂ ಬಾಯಿ ಬಿಡದ್ದನ್ನು ಹೇಳಿಬಿಟ್ಟ.

"ಇದೊಂದ್ಸಲ ಗೆದ್ದು ಕೊಡ್ರಪ್ಪ. ಮಾಸ್ತರಿಗೆ ಕೊಟ್ಟ ಮಾತು ತೀರತೈತಿ. ಸೀಟಿ ನಿಮ್ಮ ಕೈಗೆ ಕೊಟ್ಟು ಹರಪನಹಳ್ಳಿಗೆ ಹೋಗ್ತೀನಿ. ಆಕಿ ದಾರಿ ಕಾಯಾಕತ್ಯಾಳ."

ಹುಲುಗಣ್ಣ ಬಾಯಲ್ಲಿದ್ದ ಗುಟ್ಕಾ ಉಗುಳಿ ಬಂದ. ಮಾತು ನಾಟಿತು ಅಂದುಕೊಂಡ ಪಕ್ಕೀರಪ್ಪ. ನಾಟಿದ್ದೇನೋ ನಿಜ, ಎಲ್ಲಿ ನಾಟಿತೆಂದು ಆ ಪುಣ್ಯಾತ್ಮನಿಗೆ ತಿಳಿಯಲಿಲ್ಲ.

ಆವತ್ತು ಅವರು ಮೈಮೇಲೆ ದೇವರು ಬಂದವರಂತೆ ಆಡಿದರು. ಒಂದು ಗೋಲು ಕೊಟ್ಟೂರಿನದು, ಒಂದು ಇವರದು. ಆಟ ಇನ್ನೇನು ಮುಗಿಯಬೇಕು, ಕೊಟ್ಟೂರಿನವನೊಬ್ಬ ಗೋಲಿನ ಮುಂದೆ ಚೆಂಡಿಗೆ ಕೈ ಹಚ್ಚಿದ. ಪೆನಾಲ್ಟಿ. ಹೊಡೆಯುವವನು ಮಾರೇಶ. ನಿದ್ದೆಗಣ್ಣಿನಲ್ಲಿ ಹೊಡೆದರೂ ಅವನ ಪೆನಾಲ್ಟಿ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಪಕ್ಕೀರಪ್ಪನ ಮನಸ್ಸು ಆಗಲೇ ಹೊಲಿಗೆ ಮಿಷಿನ್ನನ್ನು ಬಸ್ಸಿನ ಮೇಲೆ ಏರಿಸುತ್ತಿತ್ತು. ಮಾರೇಶ ಚೆಂಡು ಇಟ್ಟ, ತಿರುಗಿ ಒಮ್ಮೆ ಪಕ್ಕೀರಪ್ಪನನ್ನು ನೋಡಿದ, ಆಮೇಲೆ ಕೂಸಿಗೆ ಹಣ್ಣು ಉರುಳಿಸಿ ಕೊಟ್ಟಂತೆ ಚೆಂಡನ್ನು ಎದುರಿನ ಗೋಲ್‌ಕೀಪರನ ಕೈಗೇ ಉರುಳಿಸಿದ. ಪಂದ್ಯ ಸಮವಾಯಿತು.

ಸಮ ಅಂದರೆ ಗೆಲುವಲ್ಲ.

"ಬೇಕಂತ ಹಂಗ ಹೊಡದ್ಯಾ?" ಬೇವಿನ ಮರದಡಿ ಪಕ್ಕೀರಪ್ಪ ಕೇಳಿದ.

"ಹೂಂ ಮಾಮಾ," ಅಂದ ಮಾರೇಶ. ಮುಖದಲ್ಲಿ ಚೂರೂ ನಾಚಿಕೆಯಿಲ್ಲ. "ಸೋಲಾಕೂ ಮನಸಿಲ್ಲ, ಗೆದ್ದು ನಿನ್ನ ಕಳಸಾಕೂ ಮನಸಿಲ್ಲ. ನೀನು ಹೋದ್ರ ನಮ್ಮನ್ನ ಕೇಳೋರು ಯಾರು? ಅಪ್ಪ ಬೈತಾನ, ಸಾವ್ಕಾರ ಬೈತಾನ. ನೀನು ಬೈದ್ರೂ ಮಿರ್ಚಿ ಕೊಡಸ್ತಿ."

"ಅತ್ತಿನ್ನ ಇಲ್ಲಿಗೇ ಕರಕೊಂಡ್ ಬಾ, ಅದರಾಗೇನೈತಿ," ಅಂದ ಹುಲುಗಣ್ಣ. ಎಲ್ಲರೂ ನಕ್ಕರು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇದ್ದಿದ್ದರೆ ಪಕ್ಕೀರಪ್ಪ ಎದ್ದು ಒಬ್ಬೊಬ್ಬನ ಕಪಾಳಕ್ಕೂ ಬಿಡುತ್ತಿದ್ದ. ಬೈಯಲೂ ಮನಸ್ಸಾಗದೆ ಟ್ರ್ಯಾಕ್ಟರ್ ಹತ್ತಿದ. ದಾರಿಯಲ್ಲಿ ಅಳು ಬಂತು. ಆ ಸಂಜೆ ಹರಪನಹಳ್ಳಿಗೆ ಫೋನ್ ಮಾಡುವ ಧೈರ್ಯ ಅವನಿಗಾಗಲಿಲ್ಲ, ಮರುದಿನವೂ ಆಗಲಿಲ್ಲ. ಅಲ್ಲಿಂದಲೂ ಫೋನ್ ಬರಲಿಲ್ಲ.

ಮುಂದಿನ ಸೋಮವಾರ ಅವನು ಮೈದಾನಕ್ಕೆ ಹೋದದ್ದು ಸೀಟಿಯನ್ನು ಗೋಲು ಕಂಬಕ್ಕೆ ನೇತುಹಾಕಿ ಬರೋಣವೆಂದು. ಮಾತು ಮುರಿದರೆ ಮುರಿಯಲಿ, ಮಾಸ್ತರು ಬೇಕಾದರೆ ಕನಸಿನಲ್ಲಿ ಬಂದು ಬೈಯಲಿ ಎಂದು ಗಟ್ಟಿ ಮಾಡಿಕೊಂಡೇ ಹೋಗಿದ್ದ.

ಹೋಗಿ ನೋಡಿದರೆ ಹನ್ನೊಂದು ಜನವೂ ಅವನಿಗಿಂತ ಮೊದಲೇ ಬಂದು ಸಾಲಾಗಿ ನಿಂತಿದ್ದರು. ಅಂಗಿಗಳನ್ನು ಅವರವರೇ ಒಗೆದುಕೊಂಡಿದ್ದರು. ಹುಲುಗಣ್ಣನ ಬಾಯಿ ಖಾಲಿ. ಮಾರೇಶ ಟ್ರ್ಯಾಕ್ಟರನ್ನು ಸಾವುಕಾರನ ಹೊಲದಲ್ಲೇ ನಿಲ್ಲಿಸಿ ಓಡಿ ಬಂದಿದ್ದ, ಇನ್ನೂ ಏದುಸಿರು ಬಿಡುತ್ತಿದ್ದ. ಎಷ್ಟೋ ವರ್ಷ ಬೇಡಿಕೊಂಡರೂ ಸಿಗದ ನೋಟ ಅದು.

"ಎಲ್ಲಾರೂ ಬಂದೀವಿ ನೋಡು ಮಾಮಾ," ಅಂದ ಮಾರೇಶ. "ಸೀಟಿ ಹೊಡಿ."

ಪಕ್ಕೀರಪ್ಪ ಸೀಟಿಯನ್ನು ಕೊರಳಿನಿಂದ ತೆಗೆದ. ಕಂಬದ ಕಡೆ ನೋಡಿದ, ಹುಡುಗರ ಕಡೆ ನೋಡಿದ. ಬಾಯಿಗಿಟ್ಟು ಊದಿದರೆ ಮೊದಲ ಸಲ ಬರೀ ಗಾಳಿ ಹೋಯಿತು. ಹುಡುಗರು ಅಲುಗಾಡದೆ ಕಾದರು. ಎರಡನೇ ಸಲ ಊದಿದ.