ಜೋಕಾಲಿಗೆ ಕಟ್ಟಿದ ಸೇವಂತಿಗೆ

ಪಾರ್ಕಿನ ಗೇಟು ತೆಗೆಯುವ ಮೊದಲು ದಾಕ್ಷಾಯಣಿ ದಿನವೂ ಜೋಕಾಲಿಗಳ ಕೆಳಗೆ ನಿಂತು ಕತ್ತೆತ್ತಿ ಮೇಲಿನ ಕೊಕ್ಕೆಗಳನ್ನು ನೋಡುತ್ತಿದ್ದಳು. ಶಿವಮೊಗ್ಗದ ಸವಳಂಗ ರಸ್ತೆಯಿಂದ ಸ್ವಲ್ಪ ಒಳಗೆ, ಹೊಸ ಬಡಾವಣೆಯೊಂದರ ಪಾರ್ಕು ಅದು. ಕಸ ಗುಡಿಸುವುದು, ಗಿಡಗಳಿಗೆ ನೀರು ಬಿಡುವುದು, ಮಕ್ಕಳ ಆಟದ ಜಾಗ ನೋಡಿಕೊಳ್ಳುವುದು ಅವಳ ಕೆಲಸ. ಜಾರುಬಂಡೆಯಿಂದ ಮಕ್ಕಳು ಬಿದ್ದು ಮಂಡಿ ತರಚಿಕೊಂಡರೆ ಅರಿಶಿನ ಹಚ್ಚಿ ಕಳಿಸುತ್ತಿದ್ದಳು. ಜೋಕಾಲಿಯ ಸದ್ದಿಗೆ ಮಾತ್ರ ಅವಳ ಎದೆ ಡವಗುಟ್ಟುತ್ತಿತ್ತು.

ಅದಕ್ಕೆ ಕಾರಣ ಗಂಡ ಹಾಲಸ್ವಾಮಿ. ಭದ್ರಾವತಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಅವನು ಕೆಲಸಕ್ಕಿದ್ದಾಗ, ಸರಪಳಿಯಲ್ಲಿ ನೇತುಹಾಕಿದ್ದ ಕಬ್ಬಿಣದ ಭಾರ ಕೊಕ್ಕೆ ಬಿಚ್ಚಿಕೊಂಡು ಅವನ ಕಾಲಿನ ಮೇಲೆ ಬಿದ್ದಿತ್ತು. ಆಮೇಲೆ ಸಂಸಾರ ನವುಲೆಯ ಬಾಡಿಗೆ ಮನೆಗೆ ಬಂತು, ದಾಕ್ಷಾಯಣಿ ಪಾರ್ಕಿನ ಕೆಲಸಕ್ಕೆ ಸೇರಿದಳು. ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಹಾಲಸ್ವಾಮಿ ಕೇಳುತ್ತಿದ್ದ:

"ಕೊಕ್ಕೆ ನೋಡಿದ್ಯಾ?"

"ನೋಡ್ದೆ ಮಾರಾಯ. ಊಟ ಮಾಡಿದ್ಯಾ ಅಂತ ಒಂದಿನಾನೂ ಕೇಳಲ್ಲ ನೀನು."

ಎರಡು ಸಾವಿರದ ಇಸವಿಯ ಶ್ರಾವಣದಲ್ಲಿ ಮಗಳು ವೇದಾ ಗಂಡನ ಮನೆಯಿಂದ ಮೊದಲ ಪಂಚಮಿಗೆ ತವರಿಗೆ ಬಂದಳು. ಪಂಚಮಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಆಡಲೇಬೇಕು. ಊರಲ್ಲಾದರೆ ಹುಣಸೆ ಮರಕ್ಕೆ ಹಗ್ಗ ಕಟ್ಟುತ್ತಿದ್ದರು. ಬಡಾವಣೆಯಲ್ಲಿ ಅಂಥ ಮರ ಎಲ್ಲಿಂದ ಬರಬೇಕು? ಹೊಸ ಸೀರೆ ಉಟ್ಟವರೆಲ್ಲ ಪಾರ್ಕಿಗೇ ಬಂದರು. ಪಾರ್ಕಿನ ಎದುರು ಮನೆಯ ಪದ್ಮಮ್ಮ ಎಲ್ಲರ ಮುಂದಾಳು. ಜೋಕಾಲಿಯ ಕಂಬಕ್ಕೆ ಅರಿಶಿನ ಕುಂಕುಮ ಹಚ್ಚಿ, ಸ್ಟೂಲು ತರಿಸಿ, ಮೇಲಿನ ಒಂದೊಂದು ಕೊಕ್ಕೆಗೂ ದಪ್ಪಗೆ ಸೇವಂತಿಗೆ ಸುತ್ತಿಸಿದರು.

"ಪದ್ಮಮ್ನೋರೆ, ಇದು ಸಣ್ಣ ಮಕ್ಕಳದ್ದು. ಇಬ್ಬಿಬ್ಬರು ನಿಂತು ಜೀಕಿದ್ರೆ ತಡೆಯಲ್ಲ."

"ನಿನ್ನ ಮಗಳೇ ಮೊದಲು ಹತ್ತಿದ್ದಾಳೆ ನೋಡು, ಅವಳನ್ನ ಇಳಿಸು ಹೋಗು!"

ಹೆಂಗಸರೆಲ್ಲ ನಕ್ಕರು. ವೇದಾ ಗೆಳತಿಯ ಎದುರು ನಿಂತು ಜೀಕುತ್ತಿದ್ದಳು, ಸೆರಗು ಹಾರುತ್ತಿತ್ತು. ಮದುವೆಯಾದ ಮೇಲೆ ಮಗಳು ಹಾಗೆ ನಕ್ಕಿದ್ದನ್ನು ದಾಕ್ಷಾಯಣಿ ನೋಡಿರಲಿಲ್ಲ. ಇಳಿ ಅನ್ನಲು ಬಾಯಿ ಬರಲಿಲ್ಲ.

ಮಾರನೇ ದಿನ ಭಾನುವಾರ. ಬೆಳಿಗ್ಗೆ ಕತ್ತೆತ್ತಿದರೆ ಕೊಕ್ಕೆ ಕಾಣಲಿಲ್ಲ, ಹೂವೇ ಕಂಡಿತು. ಕೋಲು ತಂದು ಹೂವು ಸರಿಸಬೇಕೆಂದು ಕೈ ಎತ್ತಿದಳು. ಬಾಡದ ಪೂಜೆಯ ಹೂವನ್ನು ಕೋಲಿನಿಂದ ಕೀಳುವುದೇ? ಅದೂ ಮಗಳ ಮೊದಲ ಪಂಚಮಿಯದು. ಕೋಲು ಇಟ್ಟು ಗೇಟು ತೆಗೆದಳು.

ಬಿಸಿಲು ಬಿದ್ದ ಮೇಲೆ ಪದ್ಮಮ್ಮ ಮೊಮ್ಮಗಳು ಶೀತಲ್‌ಳನ್ನು ಕರೆತಂದು ಜೋಕಾಲಿಯಲ್ಲಿ ಕೂರಿಸಿ ತೂಗತೊಡಗಿದರು. ದಾಕ್ಷಾಯಣಿ ಜಾರುಬಂಡೆಯ ಹತ್ತಿರ ಗುಡಿಸುತ್ತಿದ್ದಳು.

"ಪಾರ್ಕಜ್ಜಿ, ನನ್ನ ಮೇಲೆ ಹೂವಿನ ಮಳೆ!" ಮಗು ಕೂಗಿತು.

ಪ್ರತಿ ಸಲ ಜೋಕಾಲಿ ಮುಂದೆ ಹೋದಾಗಲೂ ಮಗುವಿನ ತಲೆಯ ಮೇಲೆ ಹಳದಿ ಎಸಳು ಉದುರುತ್ತಿದ್ದವು. ಗಾಳಿ ಇರಲಿಲ್ಲ. ಪಕ್ಕದ ಜೋಕಾಲಿಯ ಹೂವು ಅಲುಗಿರಲಿಲ್ಲ. ದಾಕ್ಷಾಯಣಿ ಪೊರಕೆ ಬಿಟ್ಟು ಹತ್ತಿರ ಬಂದು ಮೇಲೆ ನೋಡಿದಳು. ಹೂವಿನ ದಾರ ಅರ್ಧ ತುಂಡಾಗಿತ್ತು. ಅದರ ಸಂದಿಯಲ್ಲಿ ಬಿಚ್ಚಿಕೊಂಡ ಕೊಕ್ಕೆ ಕಂಡಿತು. ಸರಪಳಿಯ ಮೇಲಿನ ಬಳೆ ಕೊಕ್ಕೆಯ ತುದಿಗೆ ಬಂದು, ದಾರವನ್ನು ಕೊಯ್ಯುತ್ತಾ ಆಚೆ ಈಚೆ ಜಾರುತ್ತಿತ್ತು.

ಕೂಗಿದರೆ ಮಗು ಬೆಚ್ಚಿ ಕೈ ಬಿಡುತ್ತದೆ. ಸರಪಳಿ ಹಿಡಿದು ನಿಲ್ಲಿಸಿದರೆ ಆ ಜಗ್ಗಾಟಕ್ಕೇ ಬಳೆ ಕಳಚುತ್ತದೆ.

"ತೂಗ್ಬೇಡಿ ಪದ್ಮಮ್ನೋರೆ," ಎಂದಳು ಮೆಲ್ಲಗೆ.

"ಶುರು ಮಾಡಿದ್ಯಾ? ನಿನ್ನೆ ನಿನ್ನ ಮಗಳು ಮುಗಿಲು ಮುಟ್ಟಿದಳು, ನನ್ನ ಮೊಮ್ಮಗಳು ಇಷ್ಟು ಆಡಬಾರ್ದಾ?" ಪದ್ಮಮ್ಮ ಮತ್ತೆ ಕೈ ಚಾಚಿದರು.

ದಾಕ್ಷಾಯಣಿ ಆ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಬಿಟ್ಟಳು. ಹಬ್ಬಕ್ಕೆ ತೊಟ್ಟ ಹಸಿರು ಬಳೆಗಳು ಪಟಪಟ ಒಡೆದವು.

"ಏನೇ ಇದು! ಹಬ್ಬದಲ್ಲಿ ಬಳೆ ಒಡೀತೀಯಾ?"

ತೂಗುವುದು ನಿಂತಿದ್ದಕ್ಕೆ ಮಗು ತಾನೇ ಕಾಲು ಬೀಸಿ ಜೀಕತೊಡಗಿತ್ತು. ಎಸಳು ಉದುರುತ್ತಲೇ ಇದ್ದವು.

"ಶೀತಲ್," ಎಂದಳು ದಾಕ್ಷಾಯಣಿ, ಕಥೆ ಹೇಳುವ ದನಿಯಲ್ಲಿ. "ಕಾಲು ಮಡಚ್ಕೋ ಪುಟ್ಟಾ. ಕೆಳಗೆ ನಾಗಪ್ಪ ಹೋಗ್ತಿದ್ದಾನೆ. ನಿನ್ನೆ ಹಾಲು ಎರೆದಿದ್ರಲ್ಲ, ಅವನೇ. ಕೈ ಬಿಡ್ಬೇಡ, ಅಲ್ಲಾಡ್ಬೇಡ. ಸುಮ್ಮನೆ ಹೋಗ್ತಾನೆ."

ಮಗು ಮಂಡಿ ಎತ್ತಿಕೊಂಡು, ಸರಪಳಿಗಳನ್ನು ಬಿಗಿಯಾಗಿ ಹಿಡಿದು ಮುದುಡಿ ಕೂತಿತು. ಜೋಕಾಲಿ ಹಿಂದೆ ಹೋಯಿತು, ಮುಂದೆ ಬಂತು. ಪದ್ಮಮ್ಮನೂ ಈಗ ಮೇಲೆ ನೋಡಿದ್ದರು. ತೂಗಾಟ ಸಣ್ಣದಾಯಿತು, ಇನ್ನೂ ಸಣ್ಣದಾಯಿತು. ದಾಕ್ಷಾಯಣಿ ಮುಂದೆ ಹೋಗಿ ಮಗುವಿನ ಕಂಕುಳಿಗೆ ಕೈ ಹಾಕಿ ಎತ್ತಿಕೊಂಡಳು. ಭಾರ ಇಳಿದದ್ದೇ ತಡ, ಸರಪಳಿ ಮೇಲಿನಿಂದ ಕಳಚಿ, ಉಳಿದ ಹೂವಿನ ಸಮೇತ ಅವರ ಕಾಲ ಬಳಿ ಬಿತ್ತು.

ಪದ್ಮಮ್ಮ ಓಡಿಬಂದು ಮೊಮ್ಮಗಳ ಬೆನ್ನು ತಡವಿದರು.

"ಪಾರ್ಕಜ್ಜಿ, ನಾಗಪ್ಪ ಹೋದ್ನಾ?" ಮಗು ಅವಳ ಕಿವಿಯಲ್ಲಿ ಕೇಳಿತು.

ಪಕ್ಕದ ಜೋಕಾಲಿಯ ಕೊಕ್ಕೆಗಳಲ್ಲಿ ಸೇವಂತಿಗೆ ಇನ್ನೂ ದಪ್ಪಗೆ, ತಾಜಾ ಆಗಿತ್ತು. ಗೇಟಿನಿಂದ ಮಕ್ಕಳ ಗುಂಪೊಂದು ಅದರ ಕಡೆಗೇ ಓಡಿಬರುತ್ತಿತ್ತು.

"ಇಲ್ಲ ಪುಟ್ಟಾ, ಇನ್ನೂ ಹೋಗಿಲ್ಲ," ಎಂದು ದಾಕ್ಷಾಯಣಿ ಮಗುವನ್ನು ಎತ್ತಿಕೊಂಡೇ ಅವರಿಗೆ ಅಡ್ಡ ಓಡಿದಳು.