ಕಂದು ಹಕ್ಕಿಗಾಗಿ ಬದಲಿಸಿದ ತೋಟೆ

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ನಾನು ಆ ಮಾತು ಆಡಿದೆ. ಆಗಷ್ಟೇ ಟಿಪ್ಪಣಿ ಪುಸ್ತಕದಲ್ಲಿ ಸಮಯ ಬರೆದಿದ್ದೆ, ಹಾಗಾಗಿ ಮರೆಯುವುದಕ್ಕೂ ದಾರಿಯಿಲ್ಲ.

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ್ದ ನಾನು ಮಾಕುಟ್ಟದ ಅರಣ್ಯ ಚೆಕ್‌ಪೋಸ್ಟಿನಲ್ಲಿ ರೇಂಜರ್ ಆಗಿದ್ದೆ. ಕಾಡಿನ ಹಕ್ಕಿಗಳ ಪಟ್ಟಿ ಮಾಡಬೇಕು, ಗುರುತು ಸಿಗದವನ್ನು ಗರಿಸಮೇತ ಒಣಗಿಸಿ ಕಳಿಸಬೇಕು ಎಂದು ಮೇಲಿನಿಂದ ಆದೇಶ ಬಂದಿತ್ತು. ಹೊಡೆದು ಕೈಯಲ್ಲಿ ಹಿಡಿದು ಗುರುತಿಸುವುದೇ ಆಗಿನ ಪದ್ಧತಿ. ಜೊತೆಗಿದ್ದವರು ಗಾರ್ಡ್ ಚಂಗಪ್ಪ, ನನ್ನ ತಂದೆಯ ವಯಸ್ಸಿನವರು. ಅವರ ಮನೆಯ ಒಂಟಿ ನಳಿಗೆಯ ಕೋವಿಯಲ್ಲಿ, ಆನೆಗಳಿರುವ ಕಾಡಿಗೆ ಹೊರಟರೆ, ಒಂದೇ ದಪ್ಪ ಗುಂಡಿನ ತೋಟೆಯೇ ಇರುತ್ತಿತ್ತು.

ಹೊಳೆಯಂಚಿನ ಬಿದಿರಿನಲ್ಲಿ ಗುಬ್ಬಿಗಾತ್ರದ ಹಕ್ಕಿ ಕೂತಿತ್ತು. ಬೆನ್ನು ಹಸಿರು ಬೆರೆತ ಕಂದು, ಕತ್ತು ಮತ್ತು ಎದೆ ಕಿತ್ತಳೆ, ಹೊಟ್ಟೆ ಬಿಳಿ, ಬಾಲ ಕೆಂಗಂದು. ನನ್ನ ಪಟ್ಟಿಯಲ್ಲಿ ಅಂಥದ್ದಿರಲಿಲ್ಲ.

"ಚಂಗಪ್ಪನವರೇ, ಗುಂಡು ಬಿದ್ದರೆ ಗರಿಯೂ ಉಳಿಯೋದಿಲ್ಲ. ಕಾಳಿನಂಥ ಸಣ್ಣ ಚರೆಯ ತೋಟೆ ಹಾಕಿ."

"ಇಲ್ಲಿ ಬೇಡ ರೇಂಜರೇ. ಆನೆ ಲದ್ದಿ ಇನ್ನೂ ಬಿಸಿ ಉಂಟು."

"ಒಂದೇ ನಿಮಿಷ."

ಅವರು ಗೊಣಗುತ್ತಲೇ ತೋಟೆ ಬದಲಿಸಿದರು. "ಇದರ ಸಾರಿನಲ್ಲಿ ಕಡಂಬುಟ್ಟಿನ ಒಂದು ಅಕ್ಕಿ ಉಂಡೆಯೂ ನೆನೆಯಲಿಕ್ಕಿಲ್ಲ."

ನಾನು ದುರ್ಬೀನಿನಲ್ಲಿ ಕಣ್ಣಿಟ್ಟಿದ್ದೆ. ಹಿಂದೆ ಬಿದಿರು ಮುರಿಯಿತು. ಚಂಗಪ್ಪ ನನ್ನ ಭುಜ ಹಿಡಿದು ಹೊಳೆಯೊಳಕ್ಕೆ ನೂಕಿದರು. ಮೇಲೆ ಕೋವಿ ಹಾರಿದ ಸದ್ದು, ಅದರ ಹಿಂದೆಯೇ ಅವರ ಕೂಗು. ಆನೆಗೆ ಆ ಚರೆ ಯಾವ ಲೆಕ್ಕ? ಸದ್ದಿಗೇ ಬೆದರಿತೋ ಏನೋ, ಸೊಂಡಿಲಿನಿಂದ ಅವರನ್ನು ಬೀಸಿ ಎಸೆದು ಹೊರಟುಹೋಯಿತು. ನಾನು ದಡ ಹತ್ತಿದಾಗ ಅವರ ಬಲಗಾಲು ಇರಬಾರದ ಕಡೆಗೆ ತಿರುಗಿತ್ತು.

ಚೆಕ್‌ಪೋಸ್ಟಿನ ಲಾರಿಯಲ್ಲಿ ವಿರಾಜಪೇಟೆಯ ಆಸ್ಪತ್ರೆಗೆ ಸಾಗಿಸಿದೆವು. ಕೋವಿಯಲ್ಲಿ ಚರೆ ಏಕಿತ್ತೆಂದು ಕಚೇರಿ ಕೇಳಿತು. ಗಾರ್ಡಿನ ಅಜಾಗರೂಕತೆ ಎಂದಾದರೆ ಅವರ ಕೆಲಸ ಹೋಗುತ್ತಿತ್ತು. ನನ್ನ ಆದೇಶ ಎಂದು ಬರೆದು ಸಹಿ ಹಾಕಿದೆ. ಛೀಮಾರಿ ಬಂತು, ನಿದ್ದೆ ಬರಲಿಲ್ಲ. ಮಲಗಿದರೆ ಬಿದಿರು ಮುರಿಯುತ್ತಿತ್ತು. ಒಂದು ನಿಮಿಷ ಮೊದಲು ತಿರುಗಿ ನೋಡಿದ್ದರೆ? ಅವರ ಮಾತು ಕೇಳಿದ್ದರೆ?

ಮೂರನೆಯ ವಾರ ಚೆಕ್‌ಪೋಸ್ಟಿನ ಮೋರಿಯ ಮೇಲೆ ಸುಮ್ಮನೆ ಕೂತಿದ್ದೆ. ದಿನವೂ ಕಾಣುವ ಕಡುನೀಲಿ ಫ್ಲೈಕ್ಯಾಚರ್ ಹಕ್ಕಿ ರಸ್ತೆಬದಿಯ ಕಡಿದಾದ ಮಣ್ಣಿನ ದರೆಯ ಗೂಡಿಗೆ ಹುಳ ತಂದಿತು. ಅದು ಹಾರಿದ ಮೇಲೆ ಅದೇ ಗೂಡಿಗೆ ಇನ್ನೊಂದು ಬಂತು. ಕಿತ್ತಳೆ ಎದೆ, ಬಿಳಿ ಹೊಟ್ಟೆ, ಕೆಂಗಂದು ಬಾಲ. ನಾನು ಹೊಸದೆಂದುಕೊಂಡಿದ್ದು ಅದರ ಹೆಣ್ಣು.

ಆಸ್ಪತ್ರೆಗೆ ಹೋಗಿ ಹೇಳಿದೆ. ಚಂಗಪ್ಪ ಹೊಟ್ಟೆ ಹಿಡಿದು ನಕ್ಕರು. "ಗಂಡನ್ನ ದಿನಾ ನೋಡ್ತೀರಿ, ಹೆಂಡತಿ ಗುರುತಿಲ್ಲ! ಬೇಗ ಮದುವೆಯಾಗಿ ರೇಂಜರೇ." ಆಮೇಲೆ ಮೆಲ್ಲಗೆ ಅಂದರು: "ಎಂಥ ಹಕ್ಕಿ ಅಂತ ನನ್ನನ್ನು ಒಂದು ಮಾತು ಕೇಳಬಾರದಿತ್ತಾ? ಅವು ಪ್ರತಿ ವರ್ಷ ನಮ್ಮ ಚೆಕ್‌ಪೋಸ್ಟ್ ಗೇಟಿನ ಹತ್ತಿರವೇ ಮರಿ ಮಾಡ್ತವೆ."

ಗುರುತಿಸುವ ಮೊದಲು ಕಾಯಬೇಕು, ಅಲ್ಲೇ ಬಾಳುವವರನ್ನು ಕೇಳಬೇಕು ಎಂದು ಕಲಿತೆ. ಕಲಿಕೆಗೆ ಬೆಲೆ ತೆತ್ತದ್ದು ಬೇರೆಯವರ ಕಾಲು.

ಮಳೆ ಶುರುವಾದ ಮೇಲೆ ಒಂದು ಸೋಮವಾರ ಅವರು ಊರುಗೋಲು ಹಿಡಿದು ಬಂದು, ಗೇಟು ತಾವೇ ಎತ್ತಿದರು. ಅಂದು ರಾತ್ರಿ ನಾನು ಬೆಳಗಿನವರೆಗೆ ಎಚ್ಚರವಾಗದೆ ಮಲಗಿದೆ.